ಹುಳದ ಮನೆ ಹುಲ್ಲಿನಲ್ಲಿ

ಮೈಸೂರಿನ ಕುಂಬಾರಕೊಪ್ಪಲಿನ ಹಿಂಬದಿಯ ಖಾಲಿ ಸೈಟೊಂದರಲ್ಲಿ ಐದು ಕುರಿಗಳನ್ನು ಗೂಟಕ್ಕೆ ಕಟ್ಟಿದ್ದರು. ಕುಳ್ಳು ಕಾಲಿನ, ಗುಂಡು ಮೈಯ ಬನ್ನೂರು ಕುರಿಗಳು. ಮಳೆ ಬಿಟ್ಟು ವಾರವಾಗಿತ್ತು. ಗರಿಕೆ ನೆಲಕ್ಕಂಟಿಕೊಂಡು ಹಸಿರಾಗಿತ್ತು. ನಾಲ್ಕು ಮೇಯುತ್ತಿದ್ದವು, ಒಂದು ಸುಮ್ಮನೆ ತಲೆ ತಗ್ಗಿಸಿ ನಿಂತಿತ್ತು. ಅದರ ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಮೆತ್ತನೆಯ ಊತ. ಕುರಿ ಸಾಕಿದ ಅವ್ವ ಅದರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಬಿಡಿಸಿ ತೋರಿಸಿದರು. ಕೆಂಪಗಿರಬೇಕಾದ ಒಳಪೊರೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. “ಹೋದ ತಿಂಗ್ಳು ತಾನೇ ಔಷ್ದಿ ಕುಡ್ಸಿದ್ದೆ ಕಣಪ್ಪ. ಹುಳ ಸತ್ತೇ ಇಲ್ಲ” ಎಂದರು.

ಹುಳ ಸಾಯದೆ ಉಳಿದಿರಬಹುದು. ಹಳೆಯ ಹುಳ ಸತ್ತು ಹೊಸದು ಬಂದಿರಲೂಬಹುದು. ಮೊದಲನೆಯದರ ಹಿಂದೆ ಔಷಧಿಯ ಚರಿತ್ರೆಯಿದೆ, ಎರಡನೆಯದರ ಹಿಂದೆ ಈ ನೆಲದ್ದು.

ಗದ್ದ ಊದಿ ರೆಪ್ಪೆ ಬಿಳಿಚಿದ ಕುರಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಹೀಮಾಂಕಸ್ ಕಂಟಾರ್ಟಸ್ ಎಂಬ ದುಂಡುಹುಳುವನ್ನು. ಕುರಿಯ ಹೊಟ್ಟೆಯ ನಾಲ್ಕನೇ ಕೋಣೆ ಇದರ ಜಾಗ. ಹೆಣ್ಣುಹುಳು ಎರಡು ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡು, ಕೆಂಪು ಬಿಳಿ ದಾರ ಸೇರಿಸಿ ಹೊಸೆದ ಹುರಿಯಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್ ರಕ್ತ. ಬಲು ಕಡಿಮೆ ಅನ್ನಿಸುತ್ತದೆ. ಆದರೆ ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರ್, ಮತ್ತು 15 ಕಿಲೋ ತೂಗುವ ಮರಿಯ ಮೈಯಲ್ಲಿರುವ ರಕ್ತವೇ ಹೆಚ್ಚುಕಡಿಮೆ ಒಂದು ಲೀಟರ್. ರಕ್ತದೊಂದಿಗೆ ಪ್ರೋಟೀನೂ ಸೋರಿಹೋಗುವುದರಿಂದ ನೀರಿನಂಶ ನಾಳದಲ್ಲಿ ನಿಲ್ಲದೆ ಆಚೆ ಒಸರುತ್ತದೆ. ಇಡೀ ದಿನ ತಲೆ ಬಗ್ಗಿಸಿ ಮೇಯುವ ಪ್ರಾಣಿಯಲ್ಲಿ ಅದು ಇಳಿದು ನಿಲ್ಲುವುದು ಗದ್ದದಡಿ.

ಹೆಣ್ಣುಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಆದರೆ ಒಂದು ಮೊಟ್ಟೆಯೂ ಕುರಿಯ ಹೊಟ್ಟೆಯೊಳಗೆ ಹುಳುವಾಗಿ ಬೆಳೆಯುವುದಿಲ್ಲ. ಹಿಕ್ಕೆಯ ಜೊತೆ ಆಚೆ ಬಂದು, ತೇವವೂ ಬೆಚ್ಚಗಿನ ಹವೆಯೂ ಸಿಕ್ಕರೆ ವಾರದೊಳಗೆ ಮರಿ ಮೂರನೆಯ ಹಂತ ತಲುಪುತ್ತದೆ. ಆಗ ಅದರ ಮೈಮೇಲೊಂದು ಪೊರೆ ಇರುತ್ತದೆ. ತಿನ್ನಲು ಬಾಯಿ ಬಿಡಲಾರದು, ಕೂಡಿಟ್ಟ ಕಸುವಿನಲ್ಲೇ ಬದುಕಬೇಕು. ಇಬ್ಬನಿಯೋ ಮಳೆಯೋ ಹುಲ್ಲಿನ ಎಸಳ ಮೇಲೆ ಹಾಸಿದ ತೆಳ್ಳನೆಯ ನೀರಪದರದಲ್ಲಿ ತೆವಳಿ ಮೇಲೇರುತ್ತದೆ. ಬಹುಪಾಲು ಮರಿಗಳು ನೆಲದಿಂದ ಐದು ಸೆಂಟಿಮೀಟರಿನೊಳಗೇ ಉಳಿಯುತ್ತವೆ. ಕುರಿ ಆ ಎಸಳನ್ನು ತಿಂದ ಮೂರು ವಾರಕ್ಕೆ ಅದರ ಹಿಕ್ಕೆಯಲ್ಲಿ ಮತ್ತೆ ಮೊಟ್ಟೆ.

ಇಷ್ಟು ಸರಳವಾದ ಚಕ್ರವನ್ನು ವಿಜ್ಞಾನ ಬಿಡಿಸಿದ್ದು ತೀರ ಹಿಂದೇನಲ್ಲ. ಯಕೃತ್ತಿನ ಚಪ್ಪಟೆಹುಳು ಬಸವನಹುಳುವಿನ ಮೈಯೊಳಗೆ ಹಾದು ಹುಲ್ಲಿಗೆ ಬರುತ್ತದೆಂದು ಇಂಗ್ಲೆಂಡಿನ ಥಾಮಸ್, ಜರ್ಮನಿಯ ಲ್ಯೂಕಾರ್ಟ್ 1880ರ ದಶಕದ ಮೊದಲಲ್ಲಿ ಬೇರೆಬೇರೆಯಾಗಿ ತೋರಿಸಿದ್ದರು. ರಕ್ತ ಹೀರುವ ಈ ದುಂಡುಹುಳುವಿನ ಬದುಕನ್ನು ಅಮೆರಿಕದ ರ್‍ಯಾನ್ಸಮ್ ವಿವರಿಸಿದ್ದು 1906ರಲ್ಲಿ.

ನಮ್ಮಜ್ಜನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಆದರೂ “ಇಬ್ಬನಿ ಆರೋವರ್ಗೂ ಕುರಿ ಬಿಡ್ಬೇಡ” ಅನ್ನುತ್ತಿದ್ದರು. ಕೊಟ್ಟಿಗೆಯ ಗಳುವಿಗೆ ಸಿಕ್ಕಿಸಿಟ್ಟ ಬಿದಿರಿನ ಗೊಟ್ಟ ಇನ್ನೂ ನನ್ನ ಕಣ್ಣ ಮುಂದಿದೆ: ಓರೆಯಾಗಿ ಕತ್ತರಿಸಿದ ಬಾಯಿ, ಎಷ್ಟೋ ದನಗಳ ನಾಲಗೆ ಸವರಿ ನುಣುಪಾದ ಅಂಚು. ಮುತ್ತುಗದ ಬೀಜ ಅರೆದದ್ದೋ ಬೇವಿನ ರಸವೋ ಅದರಲ್ಲಿ ತುಂಬಿ, ರಾಸಿನ ಬಾಯಿಯ ಮೂಲೆಯಿಂದ ಒಳಗೆ ಇಳಿಸುವರು. ತಲೆಯನ್ನು ತೀರ ಮೇಲೆತ್ತಲು ಬಿಡುತ್ತಿರಲಿಲ್ಲ. ಎತ್ತಿದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ರಾಸೇ ಹೋಗುತ್ತದೆ. ಇವತ್ತು ಪ್ಲಾಸ್ಟಿಕ್ ಬಾಟಲಿಯಲ್ಲಿ ಕುಡಿಸುವಾಗಲೂ ಅದೇ ಎಚ್ಚರ ಬೇಕು.

ಗೊಟ್ಟದಿಂದ ಬಾಟಲಿಗೆ ಬಂದ ದಾರಿ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಮುಗಿಯಿತು. 1930ರ ದಶಕದ ಕೊನೆಗೆ ಫಿನೋಥಯಾಜಿನ್ ಪುಡಿ, 1961ರಲ್ಲಿ ಥಯಾಬೆಂಡಜೋಲ್, ಆಮೇಲೆ ಲೆವಮಿಸೋಲ್, 1970ರ ದಶಕದಲ್ಲಿ ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್. ಜಪಾನಿನ ಸತೋಷಿ ಒಮುರಾ ಹೆಕ್ಕಿದ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ತಯಾರಾಗಿ 1981ರಲ್ಲಿ ಪೇಟೆಗೆ ಬಂತು. ಅದಕ್ಕಾಗಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರಲ್ಲಿ ನೊಬೆಲ್ ಪಡೆದರು. ಬಡವರ ಕೊಟ್ಟಿಗೆಗೆ ಇದಕ್ಕಿಂತ ದೊಡ್ಡ ಉಪಕಾರ ಕಡಿಮೆ. ಎಷ್ಟು ಮರಿಗಳು ಉಳಿದವೋ ಲೆಕ್ಕವಿಲ್ಲ.

ಆದರೆ ಹುಳುವೂ ಸುಮ್ಮನಿರಲಿಲ್ಲ. ಥಯಾಬೆಂಡಜೋಲ್ ಬಂದ ಮೂರೇ ವರ್ಷಕ್ಕೆ ಅದಕ್ಕೆ ಬಗ್ಗದ ಹುಳು ಕಂಡುಬಂತು. ಭಾರತದ ಕುರಿಗಳಲ್ಲಿ ಇಂಥ ನಿರೋಧ ವರದಿಯಾದದ್ದು 1976ರಲ್ಲಿ. ಆಲ್ಬೆಂಡಜೋಲ್ ಗುಂಪಿನ ಔಷಧಿಗಳು ಹುಳುವಿನ ಬೀಟಾ ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ಆ ಪ್ರೋಟೀನಿನ 200ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧಿಗೆ ಹಿಡಿತ ಸಿಗುವುದಿಲ್ಲ. ಕುರಿಯ ತೂಕವನ್ನು ಕಣ್ಣಂದಾಜಿನಲ್ಲಿ ಹಿಡಿದು ಕಡಿಮೆ ಕುಡಿಸಿದಾಗ, ಒಂದೇ ಔಷಧಿಯನ್ನು ವರ್ಷವರ್ಷವೂ ಎಲ್ಲ ಕುರಿಗೂ ಕುಡಿಸಿದಾಗ, ಬದುಕಿ ಉಳಿಯುವುದು ಆ ಬದಲಾವಣೆ ಇರುವ ಹುಳುಗಳೇ. ಮುಂದಿನ ಸಂತಾನವೆಲ್ಲ ಅವುಗಳದ್ದು.

ಇನ್ನು ನೆಲದ ಕಥೆ. ನನಗೆ ಹೆಚ್ಚು ನೋವು ಕೊಡುವುದು ಇದು. ಮರಿಹುಳು ಬಿಸಿಲಿನ ನಾಡಿನಲ್ಲಿ ಕೂಡಿಟ್ಟ ಕಸುವನ್ನು ಬೇಗ ಮುಗಿಸಿಕೊಂಡು ಸಾಯುತ್ತದೆ. ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿ 1990ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು: ಹುಲ್ಲುಗಾವಲನ್ನು ಹತ್ತು ಭಾಗ ಮಾಡಿ, ಒಂದೊಂದರಲ್ಲಿ ಮೂರೂವರೆ ದಿನ ಮೇಕೆ ಮೇಯಿಸಿ, ಮೊದಲಿನ ಭಾಗಕ್ಕೆ ತಿಂಗಳು ಕಳೆದ ಮೇಲೆ ಮರಳಿದರು. ಅಷ್ಟರಲ್ಲಿ ಅಲ್ಲಿನ ಮರಿಹುಳುಗಳು ಬಹುಪಾಲು ಸತ್ತಿದ್ದವು. ನಮ್ಮ ಕುರುಬರು ಹೊಲದಿಂದ ಹೊಲಕ್ಕೆ ಮಂದೆ ತರುಬುತ್ತ ಗೊಬ್ಬರಕ್ಕೆಂದು ಮಾಡುತ್ತಿದ್ದ ಕೆಲಸವೂ ಇದೇ ಅಲ್ಲವೇ? ಕುರಿ ಹೋದ ಮೇಲೆ ಆ ಹೊಲಕ್ಕೆ ನೇಗಿಲು ಬೀಳುತ್ತಿತ್ತು, ಹುಳುವಿಗೆ ಕುರಿ ಸಿಗುತ್ತಿರಲಿಲ್ಲ.

ಹೀಗೆ ತಿರುಗಲು ಜಾಗ ಬೇಕು. ಕರ್ನಾಟಕ ಭೂಕಂದಾಯ ನಿಯಮ 1966ರ ಪ್ರಕಾರ ಹಳ್ಳಿಯ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್ ಗೋಮಾಳ ಕಾಯ್ದಿಡಬೇಕು. ಕುಂಬಾರಕೊಪ್ಪಲು ಈಗ ಹಳ್ಳಿಯಲ್ಲ. ಒಂದು ಮಗ್ಗುಲಿಗೆ ವಿಜಯನಗರ ಬಡಾವಣೆ, ಇನ್ನೊಂದು ಮಗ್ಗುಲಿಗೆ ಹೆಬ್ಬಾಳದ ಕೈಗಾರಿಕಾ ಪ್ರದೇಶ. 1903ರಲ್ಲಿ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಕಾಲದಿಂದ ಮೈಸೂರು ಬೆಳೆದದ್ದು ಸುತ್ತಲಿನ ಕೊಪ್ಪಲುಗಳ ಹೊಲ, ಬಯಲುಗಳ ಮೇಲೆ. ಊರು ಬೆಳೆಯಬಾರದೆಂದು ನಾನು ಹೇಳಲಾರೆ. ಆದರೆ ಕುರಿಗಳು ಉಳಿದವು, ಬಯಲು ಉಳಿಯಲಿಲ್ಲ. ಮೂವತ್ತು ನಲವತ್ತರ ಒಂದು ಖಾಲಿ ಸೈಟಿನಲ್ಲಿ ಅದೇ ಐದು ಕುರಿ ದಿನವೂ ಹಿಕ್ಕೆ ಹಾಕಿ, ಅದೇ ಗರಿಕೆಯನ್ನು ಬುಡದವರೆಗೆ ಕಚ್ಚಿ ತಿಂದರೆ, ಔಷಧಿ ಕುಡಿದ ಮಾರನೆಯ ದಿನವೇ ಹೊಸ ಹುಳು ಒಳಗೆ ಹೋಗುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಪೊದೆ, ಮರದ ಸೊಪ್ಪು ಮೇಯುವ ಆಡಿಗೆ ಹುಳುವಿನ ಕಾಟ ಕಡಿಮೆ. ಅದನ್ನೂ ಗೂಟಕ್ಕೆ ಕಟ್ಟಿ ಹುಲ್ಲೇ ಮೇಯಿಸಿದರೆ ಕುರಿಗಿಂತ ಬೇಗ ಸೊರಗುತ್ತದೆ.

ಅವ್ವ ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿ ನೋಡಿದ ರೀತಿಯನ್ನೇ ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಒಂದು ವಿಧಾನವಾಗಿ ಬೆಳೆಸಿದರು. ಪಶುವೈದ್ಯ ಫಫಾ ಮಲಾನ್ ಹೆಸರಿನಿಂದ ಅದಕ್ಕೆ ಫಮಾಚಾ ಅನ್ನುತ್ತಾರೆ. ಕಡುಗೆಂಪಿನಿಂದ ಬಿಳಿಯವರೆಗೆ ಐದು ಬಣ್ಣದ ಒಂದು ಚೀಟಿ. ರೆಪ್ಪೆಯ ಬಣ್ಣ ಅದಕ್ಕೆ ಹೋಲಿಸಿ, ಬಿಳಿಚಿದವಕ್ಕೆ ಮಾತ್ರ ಔಷಧಿ. ಉಳಿದವುಗಳ ಹೊಟ್ಟೆಯಲ್ಲಿ ಔಷಧಿ ಕಾಣದ ಹುಳುಗಳು ಉಳಿದು, ನಿರೋಧ ಗಳಿಸಿದವುಗಳ ಸಂತಾನ ಹುಲ್ಲನ್ನೆಲ್ಲ ಆಕ್ರಮಿಸದಂತೆ ತಡೆಯುತ್ತವೆ.

ಮಾರನೆಯ ಬೆಳಿಗ್ಗೆ ಆ ಕುರಿಯ ಹಿಕ್ಕೆಯನ್ನು ಪೊಟ್ಟಣ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದೆವು. ತೀರ ಉಪ್ಪಾದ ನೀರಿನಲ್ಲಿ ಕದಡಿ ಬಿಟ್ಟರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಸೂಕ್ಷ್ಮದರ್ಶಕದಡಿ ಅವು ಒಂದೆರಡಲ್ಲ, ಕಣ್ಣು ಹಾಯ್ದಲ್ಲೆಲ್ಲ ಇದ್ದವು. ವೈದ್ಯರು ಬೇರೆ ಗುಂಪಿನ ಔಷಧಿ ಕೊಟ್ಟು, ಕುರಿಯನ್ನು ತೂಗಿಸಿಯೇ ಕುಡಿಸಿದರು. ಹತ್ತು ಹದಿನೈದು ದಿನದ ಮೇಲೆ ಮತ್ತೆ ಹಿಕ್ಕೆ ತನ್ನಿ, ಮೊಟ್ಟೆ ಇಳಿದಿದೆಯೋ ನೋಡೋಣ ಅಂದರು. ಸೈಟಿನ ಗರಿಕೆಗೆ ಒಂದು ತಿಂಗಳು ಕುರಿ ಬಿಡಬೇಡಿ ಎಂದೂ ಹೇಳಿದರು.

“ಬಿಡ್ದೆ ಇನ್ನೇನ್ ತಿನ್ಸ್ಲಿ ಸಾರ್?” ಎಂದು ಅವ್ವ ಕೇಳಿದರು.

ಎರಡು ವಾರದ ನಂತರ ಹೋದಾಗ ಕುರಿಗಳು ಮನೆಯ ಮುಂದೆಯೇ ಇದ್ದವು. ಸೂರಿನಿಂದ ಇಳಿಬಿಟ್ಟ ಹಗ್ಗಕ್ಕೆ ಹಲಸಿನ ಸೊಪ್ಪಿನ ಕಟ್ಟು, ನೆಲಕ್ಕೆ ತಾಗದಂತೆ, ಕುರಿಯ ಬಾಯಿಯ ಎತ್ತರಕ್ಕೆ. ಗದ್ದದ ಊತ ಇಳಿದಿದ್ದ ಕುರಿ ಕತ್ತು ಚಾಚಿ ಒಂದು ಎಲೆ ಎಳೆದುಕೊಂಡಿತು.