ಬಿಸಿಲ ಬೆಟ್ಟ ಕಲಿಸಿದ ಸೈರಣೆ

ಬಳ್ಳಾರಿ ಸೀಮೆಗೆ ಎರಡೇ ಕಾಲಗಳು, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಮ್ಮ ಜನ ನಗೆಯಾಡುವುದುಂಟು. ಮೇ ತಿಂಗಳಿನಲ್ಲಿ ಹೊಸಪೇಟೆಯ ಉಷ್ಣಾಂಶ ೪೦ ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಹಂಪಿಯ ಬಂಡೆಗಳು ಹಗಲೆಲ್ಲ ಹೀರಿಕೊಂಡ ಕಾವನ್ನು ಇರುಳಿನಲ್ಲಿ ಹೊರಸೂಸುತ್ತವೆ. ಮನುಷ್ಯರೂ ದನಕರುಗಳೂ ನೆರಳನ್ನು ಅರಸುವ ಈ ದಿನಗಳಲ್ಲಿ ಬೆಟ್ಟವನ್ನು ಅರಸಿಕೊಂಡು ಹೋಗಿ, ಕಲ್ಲುಮುಳ್ಳಿನ ಕಾಲುದಾರಿಯಲ್ಲಿ ಗಂಟೆಗಟ್ಟಲೆ ಓಡುವ ತರುಣರೂ ನಮ್ಮಲ್ಲಿ ಕಾಣಸಿಗುತ್ತಾರೆ. ಅಂತಹವರಲ್ಲಿ ಒಬ್ಬ ನಮ್ಮ ಧರ್ಮಕೇಂದ್ರದವನು. ಅವನ ಕಥೆಯನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ.

ಆತ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ವಾರಕ್ಕೆ ಅವನಿಗೆ ದೊರೆಯುವ ಬಿಡುವು ಭಾನುವಾರ ಒಂದೇ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವೆ ೨೦೧೬ರಲ್ಲಿ ಆರಂಭವಾದ ‘ಮಲ್ನಾಡ್ ಅಲ್ಟ್ರಾ’ ಎಂಬ ದೀರ್ಘದೂರದ ಓಟದಲ್ಲಿ ಭಾಗವಹಿಸಬೇಕೆಂಬುದು ಅವನ ಹಂಬಲ. ಅಲ್ಲಿ ೫೦ ಕಿಲೋಮೀಟರ್ ಮತ್ತು ಅದಕ್ಕೂ ಮಿಗಿಲಾದ ದೂರವನ್ನು ಬೆಟ್ಟದ ಏರಿಳಿತಗಳಲ್ಲಿ ಓಡಿ ಮುಗಿಸಬೇಕು. ಓಟ ನಡೆಯುವುದು ಮಳೆಗಾಲ ಕಳೆದ ಮೇಲೆ. ಆದರೆ ಅದರ ಸಿದ್ಧತೆ ಬೇಸಿಗೆಯಲ್ಲಿಯೇ ಆಗಬೇಕು. ಕಂಪ್ಲಿಯ ಕಡೆಯ ಸಮತಟ್ಟಾದ ರಸ್ತೆಗಳಲ್ಲಿ ಕಾಲು ಪಳಗಿಸಿ, ಹಂಪಿಯ ಬಂಡೆಗಳ ನಡುವಿನ ದಾರಿಗಳಲ್ಲಿ ಹೆಜ್ಜೆಯ ಹದ ಕಲಿತು, ಕೊನೆಗೆ ಸಂಡೂರಿನ ಬೆಟ್ಟಗಳನ್ನು ಏರಬೇಕೆಂಬುದು ಅವನ ಲೆಕ್ಕಾಚಾರ.

ಕಳೆದ ವರ್ಷ ಮೇ ತಿಂಗಳ ಆರಂಭದಲ್ಲಿ ಆತ ನನ್ನ ಬಳಿಗೆ ಬಂದು, “ಫಾದರ್, ನಾಲ್ಕು ಭಾನುವಾರ ನಸುಕಿನಲ್ಲೇ ಬೆಟ್ಟಕ್ಕೆ ಹೋಗಬೇಕಾಗಿದೆ. ಪೂಜೆಗೆ ಬರಲು ಆಗುವುದಿಲ್ಲ” ಎಂದು ಸಂಕೋಚದಿಂದ ಹೇಳಿದ. ನಾನು ಅರೆಕ್ಷಣವೂ ಯೋಚಿಸದೆ, “ಮೊದಲು ಬಲಿಪೂಜೆ, ಆಮೇಲೆ ನಿನ್ನ ಬೆಟ್ಟ” ಎಂದುಬಿಟ್ಟೆ. ಹುಡುಗ ವಿಧೇಯ. ಮರುಮಾತಾಡದೆ ತಲೆಯಾಡಿಸಿ ಹೋದ.

ಮುಂದಿನ ಭಾನುವಾರ ಎಂಟೂವರೆಗೆ ಪೂಜೆ ಮುಗಿಯುತ್ತಲೇ ಬೈಕ್ ಏರಿ ಸಂಡೂರಿನ ಕಡೆಗೆ ಹೊರಟ. ಬೆಟ್ಟದ ಬುಡದಿಂದ ಓಟ ಆರಂಭಿಸುವಾಗಲೇ ಹತ್ತು ಗಂಟೆ ಸಮೀಪಿಸಿತ್ತು. ಹನ್ನೊಂದೂವರೆಯ ಹೊತ್ತಿಗೆ ತಲೆ ಸುತ್ತಿತು, ವಾಂತಿಯಾಯಿತು. ಹಿಂದಿರುಗಬೇಕೆಂದು ಮನಸ್ಸು ಹೇಳಿತಾದರೂ ಹಟ ಬಿಡಲಿಲ್ಲ. ಅನಂತರ ನಡೆದದ್ದು ಅವನಿಗೆ ನೆನಪಿಲ್ಲ. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಮತ್ತು ಅವರ ಮೊಮ್ಮಗ, ದಾರಿ ತಪ್ಪಿ ತೂರಾಡುತ್ತ ಏನೇನೋ ಬಡಬಡಿಸುತ್ತಿದ್ದ ಇವನನ್ನು ಕಂಡು ನೆರಳಿಗೆ ಎಳೆದು ಮಲಗಿಸಿದರು. ತಮ್ಮ ದಿನದ ನೀರನ್ನೆಲ್ಲ ಅವನ ತಲೆ, ಎದೆ, ಕಂಕುಳುಗಳಿಗೆ ಸುರಿದು, ಒದ್ದೆ ಟವೆಲಿನಿಂದ ಗಾಳಿ ಹಾಕಿದರು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದು ಇಷ್ಟೇ: “ಆ ನೀರು ಇವನನ್ನು ಉಳಿಸಿತು.”

ಅವನ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ತಾಯಿ ನನ್ನನ್ನು ದೂರಲಿಲ್ಲ. “ನೀವು ಬಂದದ್ದು ಒಳ್ಳೆಯದಾಯಿತು ಫಾದರ್” ಎಂದರು. ಆ ಮಾತು ದೂರಿಗಿಂತಲೂ ಹೆಚ್ಚಾಗಿ ನನ್ನನ್ನು ಚುಚ್ಚಿತು. ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ೧೨೪೮ನೆಯ ವಿಧಿಯನ್ನು ನಾನು ಓದಿ ತಿಳಿದವನು. ಹಿಂದಿನ ದಿನದ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. “ಶನಿವಾರ ಸಂಜೆ ಬಾ” ಎಂಬ ಮೂರು ಶಬ್ದಗಳು ನನ್ನ ಬಾಯಿಂದ ಬಂದಿದ್ದರೆ, ಅವನು ನಡುಹಗಲಿನಲ್ಲಿ ಬೆಟ್ಟದ ಮೇಲೆ ಇರುತ್ತಿರಲಿಲ್ಲ. ಅವನದು ಬೆಟ್ಟದ ಹಟವಾದರೆ ನನ್ನದು ಪೀಠದ ಹಟ.

ಹಾಗಾದರೆ ಸೈರಣೆ ಎಂದರೇನು, ಹಟ ಎಂದರೇನು? ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಕಲಿತದ್ದನ್ನು ಆ ರಾತ್ರಿ ಮತ್ತೆ ತೆರೆದು ನೋಡಿದೆ. ೧೩ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ತಿಯೊಲೊಜಿಯೆ’ ಎಂಬ ಮಹಾಗ್ರಂಥದಲ್ಲಿ ಧೈರ್ಯವೆಂಬ ಸದ್ಗುಣವನ್ನು ವಿವೇಚಿಸುತ್ತ, ಎದುರಿಸಿ ಹೊಡೆಯುವುದಕ್ಕಿಂತ ತಾಳಿಕೊಂಡು ನಿಲ್ಲುವುದೇ ಧೈರ್ಯದ ಮುಖ್ಯ ಕ್ರಿಯೆ ಎನ್ನುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳು ಮೂರು. ತಾಳಿಕೊಳ್ಳುವವನು ತನಗಿಂತ ಬಲಶಾಲಿಯಾದುದನ್ನು ಎದುರಿಸುತ್ತಾನೆ. ಅವನ ಪಾಲಿಗೆ ಅಪಾಯವು ಮುಂದೆಂದೋ ಬರುವಂಥದಲ್ಲ, ಈಗಾಗಲೇ ಬಂದು ನಿಂತಿರುವಂಥದು. ಮತ್ತು ಅವನ ಹೋರಾಟ ಒಂದು ಕ್ಷಣದ್ದಲ್ಲ, ದೀರ್ಘಕಾಲದ್ದು. ದೂರದ ಓಟಗಾರನಿಗೆ ಈ ಮೂರೂ ಸಲ್ಲುತ್ತವೆ.

ಆದರೆ ಅದೇ ಸಂತರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಅಂಜುಬುರುಕುತನ ಹೇಗೆ ದೋಷವೋ, ಅಂಜಬೇಕಾದುದಕ್ಕೆ ಅಂಜದಿರುವುದೂ, ದುಡುಕಿನ ಸಾಹಸವೂ ಹಾಗೆಯೇ ದೋಷಗಳು. ವಿವೇಕದ ಕೈ ಬಿಟ್ಟ ಧೈರ್ಯ ಸದ್ಗುಣವೇ ಅಲ್ಲ. ಹಟಮಾರಿಯು ತನ್ನ ಸಂಕಲ್ಪಕ್ಕೆ ಮಾತ್ರ ಕಿವಿಗೊಡುತ್ತಾನೆ. ಸೈರಣೆಯುಳ್ಳವನು ತನ್ನ ಎದುರಿಗಿರುವ ಸತ್ಯಕ್ಕೂ ಕಿವಿಗೊಡುತ್ತಾನೆ.

ದೇಹದ ಸತ್ಯವೇನು? ಬಿಸಿಲಿಗೆ ಒಗ್ಗಿಕೊಳ್ಳುವ ಅದ್ಭುತ ಶಕ್ತಿಯನ್ನು ದೇವರು ನಮ್ಮ ಶರೀರದಲ್ಲಿ ಇರಿಸಿದ್ದಾರೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿಲಿನಲ್ಲಿ ದುಡಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಮೂಡುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಶ್ರಮಕ್ಕೆ ಎದೆಬಡಿತ ತಗ್ಗುತ್ತದೆ. ಅಭ್ಯಾಸ ನಿಂತರೆ ಕೆಲವೇ ವಾರಗಳಲ್ಲಿ ಈ ಗಳಿಕೆ ಕರಗಿಹೋಗುತ್ತದೆ. ಸದ್ಗುಣಗಳು ಮತ್ತೆ ಮತ್ತೆ ಆಚರಿಸುವುದರಿಂದಲೇ ನಮ್ಮವಾಗುತ್ತವೆ ಎಂದು ಅರಿಸ್ಟಾಟಲ್ ಹೇಳಿದ್ದು ಇಲ್ಲಿ ಶರೀರದಲ್ಲಿಯೇ ಬರೆದಂತಿದೆ. ತಪಸ್ಸುಕಾಲದ ನಲವತ್ತು ದಿನಗಳ ಹಿಂದಿನ ತಿಳಿವಳಿಕೆಯೂ ಇದೇ.

ಆದರೆ ಈ ಶಕ್ತಿಗೂ ಒಂದು ಮೇರೆಯಿದೆ. ದೇಹದ ಒಳಗಿನ ತಾಪ ೪೦ ಡಿಗ್ರಿ ಮೀರಿ, ಮಾತು ತೊದಲಿ, ಬುದ್ಧಿ ಕದಡಿದರೆ ಅದು ಉಷ್ಣಾಘಾತ. ಪ್ರಾಣಕ್ಕೆ ಎರವಾಗುವ ಸ್ಥಿತಿ. ಅಂತಹವರನ್ನು ಮೊದಲು ತಂಪುಗೊಳಿಸಬೇಕು, ಆಮೇಲೆ ಸಾಗಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು, ಮೈಮೇಲೆ ಸುರಿಯಬೇಕು. ಹಾಗೆಯೇ, ಗಂಟೆಗಟ್ಟಲೆ ಓಡುವವರು ಅಳತೆ ಮೀರಿ ಬರಿಯ ನೀರನ್ನೇ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಅಪಾಯಕರವಾಗಿ ಇಳಿಯುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆಯ ಪಾನಕ ನಮ್ಮ ಹಿರಿಯರಿಗೆ ಗೊತ್ತಿದ್ದ ಮದ್ದೇ ಆಗಿವೆ. ನಸುಕಿನಲ್ಲಿ ಹೋದರೆ ಎಲ್ಲವೂ ಸರಿಯೆಂದೂ ಭಾವಿಸಬೇಕಾಗಿಲ್ಲ. ೧೯೯೪ರಲ್ಲಿ ಕರಡಿಗಳಿಗಾಗಿ ದರೋಜಿ ಧಾಮ ರೂಪುಗೊಂಡ ಸೀಮೆಯಿದು; ಕರಡಿ, ಚಿರತೆಗಳು ಮಬ್ಬುಗತ್ತಲಲ್ಲಿಯೇ ಸಂಚರಿಸುತ್ತವೆ. ಬೆಳಕು ಹರಿದ ಮೇಲೆ, ಜೊತೆಗಾರರೊಡನೆ, ಅರಣ್ಯ ಇಲಾಖೆಯ ಅನುಮತಿಯ ಮೇರೆಗೆ ಹೋಗಿ, ಬಿಸಿಲೇರುವ ಮೊದಲೇ ಇಳಿಯುವುದು ವಿವೇಕ.

ಸಂಡೂರಿನ ಬೆಟ್ಟಸಾಲಿನಲ್ಲಿ ಸುಮಾರು ೩,೨೦೦ ಅಡಿ ಎತ್ತರದಲ್ಲಿ ರಾಮಗಡವಿದೆ. ಹಳೆಯ ದಾಖಲೆಗಳ ರಾಮನದುರ್ಗ. ೧೯ನೆಯ ಶತಮಾನದಲ್ಲಿ ಬಳ್ಳಾರಿಯ ದಂಡಿನ ಆಂಗ್ಲ ಸೈನಿಕರು ಸೆಕೆ ತಾಳಲಾರದೆ ಆರೋಗ್ಯಧಾಮಕ್ಕೆಂದು ಅಲ್ಲಿಗೆ ಏರುತ್ತಿದ್ದರು. ಅವರು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಹತ್ತಿದ ಬೆಟ್ಟಗಳನ್ನು ನಮ್ಮ ಹುಡುಗರು ಬಿಸಿಲಿಗೆ ಮೈಯೊಡ್ಡಿ ಹತ್ತುತ್ತಾರೆ. ಇದು ಹುಚ್ಚಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಹುಚ್ಚೆಂದು ನಾನು ಹೇಳಲಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಂತ ಪೌಲರು ವಿಶ್ವಾಸದ ಬಾಳನ್ನು ಓಟಕ್ಕೆ ಹೋಲಿಸುವಾಗ, ಕೊರಿಂಥದ ನೆರೆಯಲ್ಲೇ ನಡೆಯುತ್ತಿದ್ದ ಇಸ್ತಮಿಯ ಕ್ರೀಡೆಗಳು ಆ ಊರಿನವರ ಕಣ್ಣಮುಂದೆ ಇದ್ದವು. ಬಾಡಿಹೋಗುವ ಎಲೆಯ ಕಿರೀಟಕ್ಕಾಗಿ ಓಟಗಾರ ಪಡುವ ಸಂಯಮವನ್ನು ಅವರು ಹೀಗಳೆಯಲಿಲ್ಲ; ಅದನ್ನೇ ವಿಶ್ವಾಸಿಗಳಿಗೆ ಮಾದರಿಯಾಗಿ ತೋರಿಸಿದರು. ೧೯೨೨ರಲ್ಲಿ ಜಗದ್ಗುರುಗಳಾದ ಹನ್ನೊಂದನೆಯ ಪಯಸ್ ತಮ್ಮ ತಾರುಣ್ಯದಲ್ಲಿ ಆಲ್ಪ್ಸ್ ಪರ್ವತಗಳನ್ನು ಏರಿದ ನುರಿತ ಆರೋಹಿ. ಬೆಟ್ಟ ಹತ್ತುವುದನ್ನೂ ಬಡವರ ಸೇವೆಯನ್ನೂ ಒಟ್ಟಿಗೆ ಪ್ರೀತಿಸಿ, ೧೯೨೫ರಲ್ಲಿ ೨೪ರ ಹರೆಯದಲ್ಲೇ ಮಡಿದ ಇಟಲಿಯ ಪಿಯೆರ್ ಜೋರ್ಜೊ ಫ್ರಸ್ಸಾತಿಯವರನ್ನು ಧರ್ಮಸಭೆಯು ೨೦೨೫ರ ಸೆಪ್ಟೆಂಬರ್ ೭ರಂದು ಸಂತರೆಂದು ಸಾರಿತು.

ಫ್ರಸ್ಸಾತಿಯವರ ಈ ಜೋಡಿ ಪ್ರೀತಿಯೇ ನನ್ನನ್ನು ಮತ್ತೆ ಆ ಕುರಿಗಾಹಿ ಅಜ್ಜನ ಕಡೆಗೆ ತಿರುಗಿಸಿತು. ಹುಡುಗ ಚೇತರಿಸಿಕೊಂಡ ಮೇಲೆ ನಾವಿಬ್ಬರೂ ಅವರನ್ನು ಹುಡುಕಿಕೊಂಡು ಹೋಗಿ ಕೈಮುಗಿದೆವು. ಅಜ್ಜ ನಕ್ಕು, “ಬಿಸಿಲಿನ ಕೂಡ ಜಿದ್ದು ಕಟ್ಟಬಾರ್ದು ಸ್ವಾಮಿ, ಅದು ನಮಗಿಂತ ಹಿರೀದು” ಎಂದರು. ಅಕ್ವಿನಾಸರ ಪುಟಗಳಲ್ಲಿ ನಾನು ಓದಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ನಮ್ಮ ಹುಡುಗ ಬಿಸಿಲಿಗೆ ಹೋದದ್ದು ತನ್ನ ಇಚ್ಛೆಯಿಂದ. ಬೇಡವೆಂದರೆ ಮನೆಯಲ್ಲಿ ಇರಬಹುದಾಗಿತ್ತು. ಅಜ್ಜನಿಗೆ ಆ ಆಯ್ಕೆಯಿಲ್ಲ. ಕಂಪ್ಲಿಯ ಗದ್ದೆಗಳಲ್ಲಿ ಬೆನ್ನು ಬಾಗಿಸಿ ದುಡಿಯುವ ತಾಯಂದಿರಿಗೆ, ಸಂಡೂರಿನ ಕೆಂಧೂಳಿನಲ್ಲಿ ಲಾರಿ ನಡೆಸುವವರಿಗೆ, ಹೊಸಪೇಟೆಯಲ್ಲಿ ಕಟ್ಟಡದ ಮೇಲೆ ಇಟ್ಟಿಗೆ ಹೊರುವವರಿಗೆ ಆ ಆಯ್ಕೆಯಿಲ್ಲ. ಅವರ ಓಟಕ್ಕೆ ಪದಕವಿಲ್ಲ, ದಾರಿಯಲ್ಲಿ ನೀರು ಹಿಡಿದು ನಿಲ್ಲುವವರಿಲ್ಲ. ಹವ್ಯಾಸಕ್ಕಾಗಿ ಬಿಸಿಲನ್ನು ಅರಿತವರು ಅನ್ನಕ್ಕಾಗಿ ಬಿಸಿಲಲ್ಲಿ ಬೇಯುವವರನ್ನು ಮರೆತರೆ ಆ ಅರಿವು ವ್ಯರ್ಥ. ತಮ್ಮ ದಿನದ ನೀರನ್ನೆಲ್ಲ ಅಪರಿಚಿತನ ಮೇಲೆ ಸುರಿದ ಅಜ್ಜ, ಸಂಜೆಯವರೆಗೆ ಬಾಯಾರಿಕೊಂಡೇ ಕುರಿ ಕಾಯ್ದರೆಂಬುದನ್ನು ನಾನು ಮರೆಯಲಾರೆ.

ಈ ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರದಲ್ಲಿ ಎರಡು ಬದಲಾವಣೆಗಳಾದವು. ಶನಿವಾರ ಸಂಜೆ ಬಲಿಪೂಜೆ ಆರಂಭವಾಯಿತು. ಓಟಗಾರನೊಬ್ಬನಷ್ಟೇ ಅಲ್ಲ, ಭಾನುವಾರವೂ ದುಡಿಯಲೇಬೇಕಾದ ಅನೇಕರು ಅದಕ್ಕೆ ಬರುತ್ತಿದ್ದಾರೆ. ಇಷ್ಟು ಮಂದಿ ಇಷ್ಟು ವರ್ಷ ಹೊರಗೇ ಉಳಿದಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಇನ್ನೊಂದು, ದೇವಾಲಯದ ಹೊರಬಾಗಿಲ ಬಳಿಯ ಅರವಟ್ಟಿಗೆ. ಮಣ್ಣಿನ ಹರವಿಗಳಲ್ಲಿ ತಣ್ಣೀರು, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ. ಅದರ ಉಸ್ತುವಾರಿ ಆ ಹುಡುಗನದೇ.

ಆತ ವೈದ್ಯರ ಅಪ್ಪಣೆ ಪಡೆದು ಮತ್ತೆ ಓಡುತ್ತಿದ್ದಾನೆ. ಮೊನ್ನೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ದೇವಾಲಯದ ಅಂಗಳದಲ್ಲಿ ಕಾಣಿಸಿದ. ಬೂಟಿಗೆ ಸಂಡೂರಿನ ಕೆಂಪು ಮಣ್ಣು ಹತ್ತಿತ್ತು. “ಇಷ್ಟು ಬೇಗ ಮುಗಿಯಿತೇ?” ಎಂದೆ. “ಇಲ್ಲ ಫಾದರ್, ಇನ್ನೇನು ತುದಿ ಕಾಣುತ್ತಿತ್ತು. ಎದೆಬಡಿತ ಹೆಚ್ಚಾದಂತೆ ಅನಿಸಿತು, ಹಿಂದಿರುಗಿ ಬಂದೆ” ಎಂದು ಹೇಳಿ, ಖಾಲಿಯಾಗಿದ್ದ ಹರವಿಗೆ ನೀರು ತುಂಬಲು ಹೋದ.

ಅವನು ಈ ವರ್ಷದ ಓಟವನ್ನು ಮುಗಿಸುತ್ತಾನೋ ಇಲ್ಲವೋ ನಾನು ಬಲ್ಲವನಲ್ಲ. ಆದರೆ ತುದಿ ಕಾಣುತ್ತಿರುವಾಗ ಹಿಂದಿರುಗಲು ಬೇಕಾದ ಧೈರ್ಯವನ್ನು ಅವನು ಗಳಿಸಿದ್ದಾನೆ. ನಮ್ಮ ನಮ್ಮ ಬೆಟ್ಟಗಳಲ್ಲಿ, ಅದು ಮನೆಯಾಗಿರಲಿ, ದುಡಿಮೆಯಾಗಿರಲಿ, ಗುರುಪೀಠವೇ ಆಗಿರಲಿ, ಆ ಧೈರ್ಯವನ್ನು ಪ್ರಭು ನಮಗೂ ದಯಪಾಲಿಸಲಿ.