ಗಣಿ ಮುಚ್ಚಿದ ಊರಿಗೆ ಅಜ್ಜ ಅಜ್ಜಿಯರು ಬಂದರು

ಗಣಿ ಮುಚ್ಚಿದ ಮೇಲೆ ಊರಿನಲ್ಲಿ ಉಳಿಯುವುದು ಏನು? ಗುಂಡಿ ಉಳಿಯುತ್ತದೆ, ಮಣ್ಣಿನ ಗುಡ್ಡ ಉಳಿಯುತ್ತದೆ, ಎದೆಯಲ್ಲಿ ಧೂಳು ತುಂಬಿಕೊಂಡ ಮುದುಕರು ಉಳಿಯುತ್ತಾರೆ. ಇನ್ನೊಂದು ಉಳಿಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಖಾಲಿ ಮನೆಗಳು. ಕೆನಡಾದ ಎಲಿಯಟ್ ಲೇಕ್ ಎಂಬ ಊರು 1990ರ ಆಸುಪಾಸಿನಲ್ಲಿ ಆ ಮನೆಗಳನ್ನೇ ಲೆಕ್ಕಕ್ಕೆ ಹಿಡಿಯಿತು. ಅದರಿಂದಾಗಿಯೇ ಆ ಊರು ಇವತ್ತಿಗೂ ನಕ್ಷೆಯಲ್ಲಿದೆ. ಗಣಿ ಊರುಗಳ ಚರಿತ್ರೆ ಓದುವಾಗ ನನಗೆ ಸಿಕ್ಕ ಅತ್ಯಂತ ವಿಚಿತ್ರ ಪ್ರಸಂಗ ಇದು. ಅಣುಬಾಂಬಿಗೆ ಬೇಕಾದ ಯುರೇನಿಯಂ ತೆಗೆಯಲೆಂದೇ ಹುಟ್ಟಿದ ಊರು ಪಿಂಚಣಿದಾರರ ಊರಾಗಿ ಬದುಕಿಕೊಂಡ ಕಥೆ.

ಒಂಟಾರಿಯೋ ಪ್ರಾಂತ್ಯದಲ್ಲಿ ಸಡ್‌ಬರಿಗೂ ಸೂ ಸೇಂಟ್ ಮೇರಿಗೂ ನಡುವೆ, ಹ್ಯೂರಾನ್ ಸರೋವರದ ಬದಿಯ ಹೆದ್ದಾರಿ ಬಿಟ್ಟು ಉತ್ತರಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಒಳಗೆ ಹೋದರೆ ಈ ಊರು. ಸುತ್ತ ಬಂಡೆ, ಕಾಡು, ಲೆಕ್ಕವಿಲ್ಲದಷ್ಟು ಕೆರೆ. ಅಲ್ಲಿನ ನೀರು, ಕಾಡು ಎಲ್ಲ ಸರ್ಪೆಂಟ್ ರಿವರ್ ಅನಿಶಿನಾಬೆ ಜನರ ಬೇಟೆಯ, ಮೀನುಗಾರಿಕೆಯ ನೆಲ. 1953ರವರೆಗೆ ಹೊರಗಿನವರಿಗೆ ಅಲ್ಲಿ ಹೇಳಿಕೊಳ್ಳುವಂಥ ಕೆಲಸವೇನೂ ಇರಲಿಲ್ಲ.

ಫ್ರಾಂಕ್ ಜೂಬಿನ್ ಎಂಬ ಭೂವಿಜ್ಞಾನಿಗೆ ಮಾತ್ರ ಅಲ್ಲಿನ ಬಂಡೆಗಳ ಮೇಲೆ ಅನುಮಾನವಿತ್ತು. ಗೈಗರ್ ಕೌಂಟರ್ ಹಿಡಿದರೆ ಅದು ಟಿಕ್ ಟಿಕ್ ಎನ್ನುತ್ತದೆ, ಕಲ್ಲು ಒಡೆದು ಪರೀಕ್ಷೆಗೆ ಕಳಿಸಿದರೆ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಉಳಿದವರೆಲ್ಲ ಕೈಬಿಟ್ಟರು. ಜೂಬಿನ್ ಬೇರೆ ರೀತಿ ಯೋಚಿಸಿದರು: ಮೇಲ್ಪದರದ ಬಂಡೆಯಲ್ಲಿರುವ ಗಂಧಕ ಮಳೆಗಾಳಿಗೆ ಆಮ್ಲವಾಗಿ ಮಾರ್ಪಟ್ಟು ಯುರೇನಿಯಂ ಅನ್ನು ತೊಳೆದುಹಾಕಿರಬೇಕು, ಹಾಗಿದ್ದರೆ ಅದು ಕೆಳಗೆ ಇದ್ದೇ ಇರಬೇಕು. ಕೊರೆದು ನೋಡಲು ಹಣ ಕೊಡುವವರು ವರ್ಷಗಟ್ಟಲೆ ಸಿಗಲಿಲ್ಲ. ಕೊನೆಗೆ 30,000 ಡಾಲರ್ ಕೊಟ್ಟವರು ಜೋಸೆಫ್ ಹರ್ಷಹಾರ್ನ್, ಲಾಟ್ವಿಯಾದಲ್ಲಿ ಹುಟ್ಟಿ ಷೇರುಪೇಟೆಯಲ್ಲಿ ಬೆಳೆದ ಹಣವಂತ. 1953ರ ವಸಂತದಲ್ಲಿ ಕೊರೆದಾಗ ಅದಿರು ಸಿಕ್ಕಿತು.

ಆಮೇಲೆ ನಡೆದದ್ದನ್ನು ಅಲ್ಲಿನವರು ‘ಹಿಂಬಾಗಿಲ ಗೂಟ’ ಎಂದು ನೆನೆಯುತ್ತಾರೆ. ಅದಿರಿನ ಪಟ್ಟಿ ಇಂಗ್ಲಿಷಿನ ಝಡ್ ಅಕ್ಷರದ ಆಕಾರದಲ್ಲಿ ಮೈಲುಗಟ್ಟಲೆ ಹಬ್ಬಿದೆ ಎಂದು ಜೂಬಿನ್‌ಗೆ ಹೊಳೆಯಿತು. ಸುದ್ದಿ ಹೊರಬಿದ್ದರೆ ದೇಶದ ಗಣಿ ದಲ್ಲಾಳಿಗಳೆಲ್ಲ ಮುತ್ತಿಕೊಳ್ಳುತ್ತಾರೆ. ಹಾಗಾಗಿ ಕೆರೆಯ ಮೇಲೆ ಇಳಿಯುವ ಪುಟ್ಟ ವಿಮಾನಗಳಲ್ಲಿ ಹತ್ತಾರು ಜನರನ್ನು ಗುಟ್ಟಾಗಿ ಕಾಡಿಗೆ ಇಳಿಸಿ, ಗಣಿ ಹಕ್ಕಿನ ಗಡಿ ಗುರುತಿಸುವ ಗೂಟಗಳನ್ನು ವಾರಗಟ್ಟಲೆ ಹೊಡೆಸಿದರು. ಅದೇ ವರ್ಷ ಜುಲೈ 11ರಂದು ಸುಮಾರು 1,400 ಗಣಿ ಹಕ್ಕುಗಳ ಅರ್ಜಿಗಳು ಒಟ್ಟಿಗೆ ಕಚೇರಿ ಸೇರಿದವು. ಪ್ರತಿಸ್ಪರ್ಧಿಗಳಿಗೆ ತಿಳಿಯುವ ಹೊತ್ತಿಗೆ ಒಳ್ಳೆಯ ಜಾಗವೆಲ್ಲ ಮುಗಿದಿತ್ತು. ಹರ್ಷಹಾರ್ನ್ ಎರಡೇ ವರ್ಷದಲ್ಲಿ ತಮ್ಮ ಪಾಲನ್ನು ರಿಯೋ ಟಿಂಟೊ ಕಂಪನಿಗೆ ಮಾರಿ ಹೊರಬಂದರು. ಅವರು ಕೂಡಿಹಾಕಿದ ಚಿತ್ರ, ಶಿಲ್ಪಗಳು ಇಂದು ವಾಷಿಂಗ್ಟನ್‌ನಲ್ಲಿ ಅವರದೇ ಹೆಸರಿನ ವಸ್ತುಸಂಗ್ರಹಾಲಯದಲ್ಲಿವೆ.

1955ರಲ್ಲಿ ಯೋಜನೆ ಹಾಕಿ ಊರು ಕಟ್ಟಿದರು. ಮುಖ್ಯವಾಗಿ ಕೊಳ್ಳುತ್ತಿದ್ದದ್ದು ಅಮೆರಿಕದ ಅಣುಶಕ್ತಿ ಆಯೋಗ. ಹನ್ನೆರಡು ಗಣಿಗಳು ಎದ್ದವು. ನಾಲ್ಕೈದು ವರ್ಷದಲ್ಲಿ ಜನಸಂಖ್ಯೆ 25,000 ಮುಟ್ಟಿತು. ಮನೆ ಸಾಲದೆ ಟ್ರೈಲರ್‌ಗಳಲ್ಲಿ ಸಂಸಾರ ಹೂಡಿದವರೂ ಇದ್ದರು. 1959ರಲ್ಲಿ, ಒಪ್ಪಂದ ಮುಂದುವರಿಸುವುದಿಲ್ಲ ಎಂದು ಅಮೆರಿಕ ಹೇಳಿದ ಕೂಡಲೇ ಆ ಜನಸಾಗರ ಇಳಿಯತೊಡಗಿತು. ಅರವತ್ತರ ದಶಕದ ಮಧ್ಯಕ್ಕೆ ಊರಲ್ಲಿ ಉಳಿದವರು ಏಳು ಸಾವಿರದೊಳಗೆ.

ಈ ಕ್ಷೇತ್ರದಿಂದ ಸಂಸತ್ತಿಗೆ ಆರಿಸಿ ಬರುತ್ತಿದ್ದವರು ಲೆಸ್ಟರ್ ಪಿಯರ್ಸನ್, 1957ರಲ್ಲಿ ಶಾಂತಿಗಾಗಿ ನೊಬೆಲ್ ಪಡೆದವರು. ಅವರ ಮತದಾರರ ಅನ್ನ ಬಾಂಬಿನ ಕಚ್ಚಾವಸ್ತುವಿನಿಂದ ಬರುತ್ತಿತ್ತು. ಅವರು 1963ರಲ್ಲಿ ಪ್ರಧಾನಿಯಾದರು. ಸರ್ಕಾರವೇ ಯುರೇನಿಯಂ ಕೊಂಡು ದಾಸ್ತಾನು ಮಾಡುವ ಯೋಜನೆ ಆ ವರ್ಷಗಳಲ್ಲಿ ಊರಿನ ಉಸಿರು ಹಿಡಿದುಕೊಂಡಿತು. 1965ರಲ್ಲಿ, ಇನ್ನು ಮುಂದೆ ಕೆನಡಾದ ಯುರೇನಿಯಂ ಶಾಂತಿಯುತ ಬಳಕೆಗೆ ಮಾತ್ರ ಎಂದು ಘೋಷಿಸಿದವರೂ ಅವರೇ. ಇದನ್ನು ಇಬ್ಬಂದಿತನವೆಂದು ನಾನು ಕರೆಯಲಾರೆ. ಕೊಳ್ಳುವವರಿಲ್ಲದೆ ಕುಳಿತ ಊರನ್ನೂ ತಮ್ಮ ಮನಸ್ಸಾಕ್ಷಿಯನ್ನೂ ಒಟ್ಟಿಗೆ ಕಾಯಲು ಹೊರಟ ಮನುಷ್ಯನ ಕಷ್ಟ ಅದು.

ಗಣಿಯೊಳಗಿನವರ ಕಷ್ಟ ಇನ್ನೂ ದೊಡ್ಡದು. ಸಿಲಿಕಾ ಧೂಳು, ಅದರ ಜೊತೆಗೆ ವಿಕಿರಣ. ತಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಷ್ಟು ಹೆಚ್ಚು ಎಂಬ ಸಂಗತಿ 1974ರಲ್ಲಿ ಕಾರ್ಮಿಕರಿಗೆ ತಿಳಿದದ್ದು ತಮ್ಮ ವೈದ್ಯರಿಂದಲ್ಲ, ಫ್ರಾನ್ಸಿನ ಬೋರ್ಡೋದ ಸಮ್ಮೇಳನವೊಂದರಲ್ಲಿ ಪ್ರಾಂತ್ಯದ ಆರೋಗ್ಯ ಇಲಾಖೆಯವರು ಮಂಡಿಸಿದ ಪ್ರಬಂಧದಿಂದ. ತಮ್ಮ ಎದೆಗೂಡಿನ ವಿಷಯ ಸಾಗರದಾಚೆ ಓದಿದ ಕಾಗದದಿಂದ ಗೊತ್ತಾದಾಗ ಡೆನಿಸನ್ ಗಣಿಯವರು ಕೆಲಸ ನಿಲ್ಲಿಸಿ ಹೊರಬಂದರು. ಆ ಮುಷ್ಕರದಿಂದ ಜೇಮ್ಸ್ ಹ್ಯಾಮ್ ಅವರ ಆಯೋಗ ಬಂತು, 1976ರಲ್ಲಿ ವರದಿ ಬಂತು, 1979ರಲ್ಲಿ ಒಂಟಾರಿಯೋದ ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಯ ಕಾನೂನು ಜಾರಿಯಾಯಿತು. ಅಪಾಯವಿದೆ ಎನಿಸಿದರೆ ಕೆಲಸ ಮಾಡುವುದಿಲ್ಲ ಎನ್ನುವ ಹಕ್ಕು ಆ ಪ್ರಾಂತ್ಯದ ದುಡಿಯುವವರಿಗೆ ದಕ್ಕಿದ್ದರ ಹಿಂದೆ ಈ ಸಣ್ಣ ಊರಿನವರ ಕೆಮ್ಮು ಇದೆ.

ಅಷ್ಟರಲ್ಲಿ ಎರಡನೆಯ ಏರು ಶುರುವಾಗಿತ್ತು. ಪ್ರಾಂತ್ಯದ ವಿದ್ಯುತ್ ಸಂಸ್ಥೆ ಒಂಟಾರಿಯೋ ಹೈಡ್ರೊ ತನ್ನ ಅಣುಸ್ಥಾವರಗಳಿಗಾಗಿ ದಶಕಗಳ ಒಪ್ಪಂದ ಮಾಡಿಕೊಂಡಿತು. ಮತ್ತೆ ಸಾವಿರಾರು ಕಾರ್ಮಿಕರು, ಮತ್ತೆ ಹೊಸ ಬಡಾವಣೆಗಳು. ಗಣಿ ನಡೆಸುತ್ತಿದ್ದ ಡೆನಿಸನ್ ಮತ್ತು ರಿಯೋ ಆಲ್ಗಂ ಕಂಪನಿಗಳೇ ಮನೆಗಳನ್ನೂ ಅಪಾರ್ಟ್‌ಮೆಂಟುಗಳನ್ನೂ ಕಟ್ಟಿಸಿಕೊಟ್ಟವು. ಆದರೆ ಪಶ್ಚಿಮದ ಸಸ್ಕಾಚೆವಾನ್‌ನಲ್ಲಿ ಸಿಕ್ಕ ಅದಿರು ಹತ್ತಾರು ಪಟ್ಟು ಸತ್ವವುಳ್ಳದ್ದು. ಎಲಿಯಟ್ ಲೇಕ್‌ನ ಕಲ್ಲಿನಲ್ಲಿ ಟನ್ನಿಗೆ ಸಿಗುತ್ತಿದ್ದದ್ದು ಸುಮಾರು ಒಂದು ಕಿಲೋ. ದುಬಾರಿ ದರ ಕೊಟ್ಟು ಇಲ್ಲಿಂದಲೇ ಏಕೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. 1990ರಲ್ಲಿ ರಿಯೋ ಆಲ್ಗಂನ ಎರಡು ಗಣಿಗಳು ಮುಚ್ಚಿದವು, 1992ರಲ್ಲಿ ಡೆನಿಸನ್, 1996ರಲ್ಲಿ ಕೊನೆಯ ಸ್ಟಾನ್ಲೇ ಗಣಿ.

ಇಲ್ಲಿಂದ ನಮ್ಮ ಪ್ರಸಂಗ.

ಕಂಪನಿಗಳ ಕೈಯಲ್ಲಿ ನೂರಾರು ಮನೆಗಳು ಉಳಿದವು. ಯುವ ಕುಟುಂಬಗಳಿಗೆಂದು ಕಟ್ಟಿದ, ಇನ್ನೂ ಹೊಸತಾಗಿಯೇ ಇದ್ದ ಮನೆಗಳು. ಕಿತ್ತು ಮಾರುವುದು ಒಂದು ದಾರಿ, ಹಾಗೇ ಬಿಟ್ಟು ಹೋಗುವುದು ಮತ್ತೊಂದು. ಎಲಿಯಟ್ ಲೇಕ್‌ನವರು ಮೂರನೆಯದನ್ನು ಕಂಡುಕೊಂಡರು. ಟೊರಾಂಟೊ ಕಡೆಯ ದಕ್ಷಿಣದ ಊರುಗಳಲ್ಲಿ ಕೆಲಸದಿಂದ ನಿವೃತ್ತರಾಗಿ, ಬಾಡಿಗೆಯ ಭಾರಕ್ಕೆ ಬೇಸತ್ತವರು ಬೇಕಾದಷ್ಟಿದ್ದರು. ಅವರನ್ನು ಕರೆದರೆ? ಈ ಪ್ರಯತ್ನ ಎಂಬತ್ತರ ದಶಕದ ಕೊನೆಯಲ್ಲೇ ಸಣ್ಣದಾಗಿ ಆರಂಭವಾಗಿತ್ತು. 1991ರಲ್ಲಿ ‘ರಿಟೈರ್‌ಮೆಂಟ್ ಲಿವಿಂಗ್’ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯನ್ನು ಕಾನೂನುಬದ್ಧವಾಗಿ ಕಟ್ಟಿ, ಕಂಪನಿಗಳ ಮನೆಗಳನ್ನು ಅದರ ವಶಕ್ಕೆ ತಂದರು. ಕ್ರಮೇಣ ಸುಮಾರು 1,500 ಮನೆಗಳು ಅದರ ಬಾಡಿಗೆ ಪಟ್ಟಿಗೆ ಬಂದವು. ಆಗ ಮೇಯರ್ ಆಗಿದ್ದ ಜಾರ್ಜ್ ಫರ್ಕೂ 1988ರಿಂದ 2006ರವರೆಗೆ ಆ ಸ್ಥಾನದಲ್ಲಿದ್ದರು. ಊರಿನ ಈ ರೂಪಾಂತರ ಪೂರ್ತಿ ಅವರ ಕಾಲದ್ದು.

ಕರೆಗೆ ಓಗೊಟ್ಟು ಜನ ಬಂದರು. ಅಲ್ಲಿ ಚಳಿಗಾಲ ಕಠಿಣ, ಮಕ್ಕಳು ಮೊಮ್ಮಕ್ಕಳು ಐನೂರು ಕಿಲೋಮೀಟರ್ ದೂರ. ಆದರೂ ಬಂದರು, ಏಕೆಂದರೆ ಬಾಡಿಗೆ ದಕ್ಷಿಣದ ನಗರಗಳಿಗಿಂತ ಎಷ್ಟೋ ಕಡಿಮೆ, ಮನೆಮುಂದೆಯೇ ಕೆರೆ, ಊರಲ್ಲೇ ಆಸ್ಪತ್ರೆ. ಕಾರ್ಖಾನೆಯಲ್ಲಿ ದುಡಿದು ಸಾಧಾರಣ ಪಿಂಚಣಿ ಪಡೆದ ದಂಪತಿಗೆ ಮಾನವಾಗಿ ಬದುಕಲು ಸಾಕಾಗುವ ಲೆಕ್ಕ ಅದು.

ಇದರ ಹಿಂದಿನ ಅರ್ಥಶಾಸ್ತ್ರ ಸರಳ. ಪಿಂಚಣಿಯೂ ಊರಾಚೆಯಿಂದ ಬರುವ ಹಣ, ಥೇಟ್ ಅದಿರಿಗೆ ಬರುತ್ತಿದ್ದ ಹಣದಂತೆ. ಯುರೇನಿಯಂ ಬೆಲೆ ಬಿದ್ದರೆ ಅದು ಬೀಳುವುದಿಲ್ಲ. ತಿಂಗಳು ಹುಟ್ಟಿದರೆ ಬಂದೇ ಬರುತ್ತದೆ, ಊರಿನ ದಿನಸಿ ಅಂಗಡಿ, ಔಷಧಿ ಅಂಗಡಿ, ಕೊಳಾಯಿ ರಿಪೇರಿಯವನ ಕೈ ಸೇರುತ್ತದೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಗಣಿ ಕೊಡುತ್ತಿದ್ದದ್ದು ದೊಡ್ಡ ಸಂಬಳ, ಸಂಘದ ರಕ್ಷಣೆಯಿದ್ದ ಕೆಲಸ. ಮುದುಕರ ಊರು ಕೊಡುವುದು ಅಂಗಡಿ ಕೆಲಸ, ಶುಶ್ರೂಷೆ, ಕಟ್ಟಡ ನೋಡಿಕೊಳ್ಳುವ ಕೆಲಸ. ಸಂಬಳ ಕಡಿಮೆ, ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರ ಬೆನ್ನುಹತ್ತಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಸಡ್‌ಬರಿಯ ಲಾರೆನ್ಷಿಯನ್ ವಿಶ್ವವಿದ್ಯಾಲಯದವರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಊರು ಉಳಿಯಿತು, ಊರು ಕಟ್ಟಿದವರಲ್ಲಿ ಬಹಳಷ್ಟು ಮಂದಿ ಉಳಿಯಲಿಲ್ಲ.

ಇದನ್ನು ಓದುತ್ತ ನನಗೆ ಕೋಲಾರದ ಚಿನ್ನದ ಗಣಿ ನೆನಪಾಗದೆ ಇರಲಿಲ್ಲ, ಸಿಟ್ಟೂ ಬರದೆ ಇರಲಿಲ್ಲ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿದಾಗ ನಮ್ಮಲ್ಲೂ ಸಾಲುಸಾಲು ಕ್ವಾರ್ಟರ್ಸ್, ಬಂಗಲೆ, ಕ್ಲಬ್ಬು, ಆಸ್ಪತ್ರೆ ಇದ್ದವು. ನಮ್ಮಲ್ಲೂ ಸಿಲಿಕೋಸಿಸ್ ಹೊತ್ತ ಮುದುಕರಿದ್ದರು. ಇರುವ ಸೂರಿನ ಹಕ್ಕುಪತ್ರಕ್ಕಾಗಿ ಕಾರ್ಮಿಕ ಕುಟುಂಬಗಳು ವರ್ಷಗಟ್ಟಲೆ ಕಾದವು, ಆಸ್ಪತ್ರೆ ಕೈಬಿಟ್ಟುಹೋಯಿತು, ಸೈನೈಡ್ ಗುಡ್ಡದ ಧೂಳು ಮಾತ್ರ ಗಾಳಿ ಬೀಸಿದಾಗಲೆಲ್ಲ ಮನೆಯೊಳಕ್ಕೆ ಬಂತು. ಮಕ್ಕಳು ಮಾರಿಕುಪ್ಪಂನಿಂದ ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಕೆನಡಾ ಶ್ರೀಮಂತ ದೇಶ, ಹೋಲಿಸಬಾರದು ಎನ್ನಬಹುದು. ಆದರೆ ಮನೆಗಳನ್ನು ಏನು ಮಾಡೋಣ ಎಂದು ಊರವರೊಡನೆ ಕೂತು ಮಾತಾಡಲು ಶ್ರೀಮಂತಿಕೆ ಬೇಕಿರಲಿಲ್ಲ.

ಹಾಗೆಂದು ಎಲಿಯಟ್ ಲೇಕ್ ಎಲ್ಲವನ್ನೂ ಸರಿಯಾಗಿ ಮಾಡಿತು ಎಂದಲ್ಲ. ಊರ ನಡುವೆ ಆಲ್ಗೊ ಸೆಂಟರ್ ಮಾಲ್ ಇತ್ತು, 1980ರಲ್ಲಿ ಕಟ್ಟಿದ್ದು. ಅಂಗಡಿ, ಹೋಟೆಲು, ಸರ್ಕಾರಿ ಕಚೇರಿ, ಗ್ರಂಥಾಲಯ ಎಲ್ಲ ಅದರಲ್ಲೇ. ಹಿಮ ಬೀಳುವ ಊರಲ್ಲಿ ವಯಸ್ಸಾದವರು ಕಾಲು ಜಾರುವ ಭಯವಿಲ್ಲದೆ ನಡೆದಾಡುವ, ಕಾಫಿ ಕುಡಿದು ಹರಟುವ ಜಾಗ ಅದೊಂದೇ. ಕಾರು ನಿಲ್ಲಿಸುವುದು ಅದರ ಚಾವಣಿಯ ಮೇಲೆ. ಮೊದಲ ವರ್ಷದಿಂದಲೇ ಚಾವಣಿ ಸೋರುತ್ತಿತ್ತು. ರಸ್ತೆಯ ಹಿಮ ಕರಗಿಸಲು ಹಾಕುವ ಉಪ್ಪು ಕಾರಿನ ಚಕ್ರಗಳಿಗಂಟಿ ಮೇಲೆ ಬಂದು, ನೀರಿನ ಜೊತೆ ಇಳಿದು ಉಕ್ಕಿನ ತೊಲೆಗಳನ್ನು ತಿನ್ನುತ್ತಿತ್ತು. ಕೆಳಗೆ ಬಕೆಟ್ ಇಟ್ಟರು, ಟಾರ್ಪಾಲಿನ್ ಕಟ್ಟಿದರು.

1999ರಲ್ಲಿ ಈ ಮಾಲನ್ನು ಕೊಂಡದ್ದು ಬೇರೆ ಯಾರೂ ಅಲ್ಲ, ರಿಟೈರ್‌ಮೆಂಟ್ ಲಿವಿಂಗ್‌ನ ಅಂಗಸಂಸ್ಥೆಯೇ. ಮಾಲ್ ಹೋದರೆ ಊರಿಗೆ ಹಿರಿಯರು ಬರುವುದಿಲ್ಲ ಎಂಬ ಆತಂಕ ನಿಜವಾದದ್ದು. ಸೋರುವುದು ಗೊತ್ತಿದ್ದೇ ಕೊಂಡರು, ಬುಡಮಟ್ಟದ ರಿಪೇರಿ ಮಾಡಿಸದೆ 2005ರಲ್ಲಿ ಮಾರಿದರು. ಆಮೇಲಿನ ಮಾಲೀಕರೂ ಮಾಡಿಸಲಿಲ್ಲ. 2012ರ ಜೂನ್ 23, ಶನಿವಾರ ಮಧ್ಯಾಹ್ನ ಚಾವಣಿ ಕುಸಿಯಿತು. ಲಾಟರಿ ಟಿಕೆಟ್ ಮಾರುವ ಜಾಗದಲ್ಲಿದ್ದ ಇಬ್ಬರು ಹೆಂಗಸರು ಸತ್ತರು. ಉಳಿದ ಭಾಗವೂ ಬೀಳಬಹುದೆಂದು ರಕ್ಷಣಾ ಕಾರ್ಯ ನಿಲ್ಲಿಸಿದಾಗ ಊರಿನವರು ಬೀದಿಗಿಳಿದು ಕೂಗಿದ ಮೇಲೆ ಅದು ಮತ್ತೆ ಶುರುವಾಯಿತು. ನ್ಯಾಯಮೂರ್ತಿ ಪಾಲ್ ಬೆಲಾಂಜೆ ಅವರ ಆಯೋಗ 2014ರಲ್ಲಿ ಕೊಟ್ಟ ವರದಿ ಮಾಲೀಕರು, ಎಂಜಿನಿಯರುಗಳು, ನಗರಸಭೆ ಯಾರನ್ನೂ ಬಿಡಲಿಲ್ಲ. ಊರನ್ನು ಉಳಿಸಿದ ಸಂಸ್ಥೆಯ ಹೆಸರೂ ಅದರಲ್ಲಿದೆ. ಮೂವತ್ತೆರಡು ವರ್ಷ ಕಣ್ಣೆದುರೇ ಸೋರಿದ್ದನ್ನು ‘ಇದ್ದದ್ದೇ’ ಎಂದು ಬಿಟ್ಟದ್ದನ್ನು ಕ್ಷಮಿಸುವುದು ಕಷ್ಟ.

ಗಣಿಗಳ ಪಾಪವೂ ತೀರಿಲ್ಲ. ಅದಿರು ಅರೆದು ಉಳಿದ 16 ಕೋಟಿ ಟನ್‌ಗೂ ಹೆಚ್ಚಿನ ವಿಕಿರಣಯುಕ್ತ ಹೂಳು ಊರ ಸುತ್ತಲಿನ ಕೊಳ್ಳಗಳಲ್ಲಿದೆ. ಗಾಳಿ ತಾಗಿ ಆಮ್ಲವಾಗದಂತೆ ಅದರ ಬಹುಪಾಲನ್ನು ನೀರಿನಡಿ ಮುಳುಗಿಸಿ ಇಟ್ಟಿದ್ದಾರೆ. ಕಟ್ಟೆಗಳನ್ನು ಕಾಯಲು, ನೀರನ್ನು ಪರೀಕ್ಷಿಸಲು ಜನ ಇದ್ದಾರೆ, ಆ ಕೆಲಸಕ್ಕೆ ಕೊನೆಯ ದಿನವೆಂಬುದಿಲ್ಲ. ಒಂದು ಕಾಲದಲ್ಲಿ ಈ ಹೂಳು ಸೀದಾ ಹರಿದು ಸರ್ಪೆಂಟ್ ನದಿಯ ಮೀನುಗಳನ್ನು ಕೊಂದಿತ್ತು. ಗಣಿಯ ಲಾಭದಲ್ಲಿ ಪಾಲು ಸಿಗದ ಅನಿಶಿನಾಬೆ ಜನರಿಗೆ ನಷ್ಟದಲ್ಲಿ ದೊಡ್ಡ ಪಾಲು ಸಿಕ್ಕಿತು. ಊರಿನ ಪುನರ್ಜನ್ಮದ ಬಗ್ಗೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಯೆನಿಸುವುದಿಲ್ಲ.

2016ರ ಜನಗಣತಿಯಲ್ಲಿ 10,741 ಇದ್ದ ಎಲಿಯಟ್ ಲೇಕ್ ಜನಸಂಖ್ಯೆ 2021ರಲ್ಲಿ 11,372ಕ್ಕೆ ಏರಿದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ 65 ದಾಟಿದವರು. ಇಡೀ ಕೆನಡಾದಲ್ಲಿ ಆ ಪ್ರಮಾಣ ಐವರಲ್ಲಿ ಒಬ್ಬರಿಗಿಂತ ಕಡಿಮೆ. 1991ರಲ್ಲಿ ಅರವತ್ತೈದರ ವಯಸ್ಸಿಗೆ ಬಂದವರು ಈಗ ಬದುಕಿದ್ದರೆ ನೂರರ ಹತ್ತಿರ. ಅಂದರೆ ಇದು ಒಮ್ಮೆ ತುಂಬಿಸಿ ಮರೆಯುವ ಊರಲ್ಲ, ಮತ್ತೆ ಮತ್ತೆ ಕರೆದು ತುಂಬಿಸಬೇಕಾದ ಊರು. ಬಂದವರಿಗೆ ವಯಸ್ಸು ಏರಿದಂತೆ ವೈದ್ಯರು ಬೇಕು, ಮನೆಗೆ ಬಂದು ಸ್ನಾನ ಮಾಡಿಸುವವರು ಬೇಕು, ಬಾಗಿಲ ಮುಂದಿನ ಹಿಮ ಬಾಚುವವರು ಬೇಕು. ಉತ್ತರ ಒಂಟಾರಿಯೋದ ಸಣ್ಣ ಊರುಗಳಿಗೆ ವೈದ್ಯರು ಸಿಗುವುದೇ ಕಷ್ಟ. ಮೂವತ್ತು ವರ್ಷದ ಹಿಂದೆ ಹಿರಿಯರಿಗೆ ಮನೆ ತೋರಿಸಿ ಕರೆದ ಊರು ಈಗ ಅವರನ್ನು ನೋಡಿಕೊಳ್ಳುವ ಮೂವತ್ತರ ಹರೆಯದವರನ್ನು, ಅವರ ಮಕ್ಕಳ ಸಮೇತ, ಹಾಗೇ ಮನೆ ತೋರಿಸಿ ಕರೆಯಬೇಕಾಗಿದೆ. ಅವರಿಗೆ ಕೊಡುವ ಸಂಬಳ ಮಾತ್ರ ಇನ್ನೂ ಗಣಿ ಕಾಲದ್ದರ ಹತ್ತಿರಕ್ಕೂ ಬಂದಿಲ್ಲ.