ಗೋಡೆ ಕಡೆ ಮುಖ ಮಾಡಿ ನಿಂತ ಹುಡುಗ

ಶನಿವಾರ ರಾತ್ರಿ. ಲಂಡನ್ ಪಟ್ಟಣದಲ್ಲಿ ಒಂದು ಬಡವರ ಮನೆ. ಟಿ.ವಿ.ಯಲ್ಲಿ ಫುಟ್‌ಬಾಲ್ ಆಟ ಬರುತ್ತಿದೆ. ಆ ಮನೆಯ ಹುಡುಗನಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ಅವನು ಆಟ ನೋಡುವಂತಿಲ್ಲ. ಗೋಡೆ ಕಡೆ ತಿರುಗಿ ನಿಲ್ಲು ಅಂತ ಮಲತಂದೆಯ ಅಪ್ಪಣೆ. ಹುಡುಗ ಗೋಡೆ ನೋಡುತ್ತಾ ನಿಲ್ಲುತ್ತಿದ್ದ. ಬೆನ್ನ ಹಿಂದೆ ಆಟದ ಸದ್ದು ಮಾತ್ರ ಕೇಳುತ್ತಿತ್ತು.

ಆ ಕಾರ್ಯಕ್ರಮದ ಹೆಸರು ‘ಮ್ಯಾಚ್ ಆಫ್ ದ ಡೇ’. ಅಂದರೆ ಈ ದಿನದ ಆಟ. ಬಿ.ಬಿ.ಸಿ.ಯವರು 1964ರಲ್ಲಿ ಅದನ್ನು ಶುರು ಮಾಡಿದರು. ಹುಡುಗನ ಹೆಸರು ಇಯಾನ್ ರೈಟ್. ಹುಟ್ಟಿದ್ದು 1963ರಲ್ಲಿ. ಅವನ ತಂದೆ ತಾಯಿ ಜಮೈಕಾ ದ್ವೀಪದ ಮೂಲದವರು. ತಂದೆ ಮನೆ ಬಿಟ್ಟು ಹೋದ. ಆಮೇಲೆ ಬಂದ ಮಲತಂದೆ ತಾಯಿಗೆ ಹೊಡೆಯುತ್ತಿದ್ದ. ಆಗೆಲ್ಲ ಅಣ್ಣ ಬಂದು ತಮ್ಮನ ಕಿವಿ ಮುಚ್ಚುತ್ತಿದ್ದ. ಇಂಥ ಮನೆ ಲಂಡನ್ನಿನಲ್ಲಿ ಮಾತ್ರ ಇದೆಯೆ? ನಿಮಗೇ ಗೊತ್ತು.

ಶಾಲೆಯಲ್ಲೂ ಕಷ್ಟವೇ. ಓದಲು ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಸಿಟ್ಟು ಬಹಳ. ತರಗತಿಯಿಂದ ಆಚೆ ಕಳಿಸುತ್ತಿದ್ದರು. ಹೀಗೆ ಆಚೆ ನಿಂತವನನ್ನು ಪಿಗ್ಡೆನ್ ಮೇಷ್ಟ್ರು ನೋಡಿದರು. ಕರೆದು ಹತ್ತಿರ ಕೂರಿಸಿಕೊಂಡರು. ಓದುವುದು, ಬರೆಯುವುದು ಕಲಿಸಿದರು. ಹಾಜರಿ ಪುಸ್ತಕ ತರುವಂಥ ಸಣ್ಣ ಕೆಲಸ ಕೊಟ್ಟು ನಂಬಿಕೆ ಇಟ್ಟರು. ಗೋಲು ಹೊಡೆಯೋದು ಹೇಗೆ ಅಂತಲೂ ಅವರೇ ಹೇಳಿಕೊಟ್ಟರು. ಜೋರಾಗಿ ಒದೆಯೋದಲ್ಲ, ಸಮಾಧಾನವಾಗಿ ಚೆಂಡನ್ನು ಬಲೆಯೊಳಗೆ ಕಳಿಸಬೇಕು ಅಂತ.

ಆದರೂ ದಾರಿ ಸುಲಭವಾಗಲಿಲ್ಲ. ದೊಡ್ಡ ತಂಡಗಳು ಬೇಡ ಅಂದವು. ರೈಟ್ ಗಾರೆ ಕೆಲಸ, ಕೂಲಿ ಕೆಲಸ ಮಾಡಿದರು. ವಾಹನದ ತೆರಿಗೆ, ವಿಮೆ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ದಂಡ ಬಿತ್ತು. ದಂಡ ಕಟ್ಟದೆ ಎರಡು ವಾರ ಜೈಲಿನಲ್ಲೂ ಇದ್ದರು. 1985ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ಕ್ರಿಸ್ಟಲ್ ಪ್ಯಾಲೇಸ್ ಎಂಬ ತಂಡ ಸೇರಿಸಿಕೊಂಡಿತು. 1991ರಲ್ಲಿ ಆರ್ಸೆನಲ್ ತಂಡಕ್ಕೆ ಹೋದರು. ಅಲ್ಲಿ 185 ಗೋಲು ಹೊಡೆದರು. ದೇಶಕ್ಕಾಗಿ 33 ಪಂದ್ಯ ಆಡಿದರು.

ಒಂದು ತಮಾಷೆ ಕೇಳಿ. ಆರ್ಸೆನಲ್ ತಂಡದ ಹಳೆಯ ದಾಖಲೆ 178 ಗೋಲು. 1997ರಲ್ಲಿ ಅದನ್ನು ಮುರಿಯುವ ದಿನ ಬಂತು. ಗೋಲು ಬಿತ್ತು. ರೈಟ್ ಅಂಗಿ ಎತ್ತಿ ತೋರಿಸಿದರು. ಒಳ ಬನಿಯನ್ ಮೇಲೆ 179 ಅಂತ ಬರೆದಿತ್ತು. ಆದರೆ ಅದು 178ನೇ ಗೋಲು! ಲೆಕ್ಕ ತಪ್ಪಿತ್ತು. ಸದ್ಯ, ಸ್ವಲ್ಪ ಹೊತ್ತಿಗೆ ಇನ್ನೊಂದು ಗೋಲು ಹೊಡೆದು ಮಾನ ಉಳಿಸಿಕೊಂಡರು.

ಆಟ ಬಿಟ್ಟದ್ದು 2000ದಲ್ಲಿ. ಮುಂದೇನು? ಟಿ.ವಿ.ಯಲ್ಲಿ ಆಟದ ಬಗ್ಗೆ ಮಾತನಾಡುವವರು ಎರಡು ಬಗೆ. ಆಟ ನಡೆಯುವಾಗ ಚೆಂಡು ಎಲ್ಲಿ ಹೋಯಿತು ಅಂತ ಹೇಳುವವರು ಒಬ್ಬರು. ಆಟ ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳುವವರು ಇನ್ನೊಬ್ಬರು. ಎರಡನೆಯ ಕೆಲಸಕ್ಕೆ ಹಳೆಯ ಆಟಗಾರರನ್ನು ಕರೆಯುತ್ತಾರೆ. ಆಡಿದವರಿಗೆ ಹೇಳೋದು ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ. ಸುಲಭ ಅಲ್ಲ. ನಿಮಗೆ ರೊಟ್ಟಿ ತಟ್ಟೋಕೆ ಬರುತ್ತೆ ಅನ್ನಿ. ಕೈಯಲ್ಲಿ ತೋರಿಸದೆ, ಬರೀ ಮಾತಲ್ಲಿ ಹೇಳಿಕೊಡಿ ನೋಡೋಣ. ಕಾಲಿಗೆ ಗೊತ್ತಿದ್ದದ್ದನ್ನು ಬಾಯಿಗೆ ತರಬೇಕು. ಅದೂ ಲಕ್ಷಾಂತರ ಜನರ ಮುಂದೆ, ಅರ್ಧ ನಿಮಿಷದಲ್ಲಿ.

ರೈಟ್ ಆಡುತ್ತಿದ್ದಾಗಲೇ, 1997ರಲ್ಲಿ, ‘ಮ್ಯಾಚ್ ಆಫ್ ದ ಡೇ’ಯಲ್ಲಿ ಮೊದಲ ಸಲ ಕೂತಿದ್ದರು. ಆಟ ಬಿಟ್ಟ ಮೇಲೂ ಟಿ.ವಿ.ಯವರು ಕರೆದರು. ಅವರು ಜೋರಾಗಿ ನಗುತ್ತಿದ್ದರು, ನಗಿಸುತ್ತಿದ್ದರು. ಜನಕ್ಕೆ ಇಷ್ಟವಾಯಿತು. ಆದರೆ ಅವರಿಗೇ ಒಳಗೆ ಸಮಾಧಾನ ಇರಲಿಲ್ಲ. ನಮ್ಮ ಬಯಲಾಟದಲ್ಲಿ ಕೋಡಂಗಿ ಬರ್ತಾನಲ್ಲ, ತನ್ನನ್ನೂ ಹಾಗೇ ಕೂರಿಸಿದ್ದಾರೆ ಅನ್ನಿಸಿತು. 2008ರಲ್ಲಿ ಅದನ್ನು ಬಾಯಿಬಿಟ್ಟು ಹೇಳಿ ಬಿ.ಬಿ.ಸಿ. ಕೆಲಸ ಬಿಟ್ಟರು. ನಗಿಸುವುದು ಸಣ್ಣ ಕೆಲಸ ಅಂತ ನಾವು ಹೇಳುವುದಿಲ್ಲ. ಆದರೆ ತಿಳಿದದ್ದು ಹೇಳಲು ಬಂದವನನ್ನು ನಗಿಸು ಅಂತ ಮಾತ್ರ ಅಂದರೆ ನೋವಾಗುತ್ತೆ.

ಬೇರೆ ಕಡೆ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಮಾತಾಡಿದರು. ಕೆಲವು ವರ್ಷದ ಮೇಲೆ ಅದೇ ಕಾರ್ಯಕ್ರಮಕ್ಕೆ ಮತ್ತೆ ಬಂದರು. ನಗು ಹಾಗೇ ಇತ್ತು. ಜೊತೆಗೆ ತೂಕವೂ ಬಂತು. ಎಳೆಯ ಆಟಗಾರನೊಬ್ಬ ಗೋಲು ತಪ್ಪಿಸಿಕೊಂಡರೆ ಅವನ ಮನಸ್ಸಿನಲ್ಲಿ ಏನಾಗುತ್ತೆ ಅಂತ ಹೇಳುತ್ತಿದ್ದರು. ಹೆಣ್ಣುಮಕ್ಕಳ ಫುಟ್‌ಬಾಲಿನ ಪರವಾಗಿ ಗಟ್ಟಿಯಾಗಿ ಮಾತಾಡಿದರು.

ಪಿಗ್ಡೆನ್ ಮೇಷ್ಟ್ರು ತೀರಿಕೊಂಡಿದ್ದಾರೆ ಅಂತ ರೈಟ್‌ಗೆ ಯಾರೋ ಹೇಳಿದ್ದರು. ಆರ್ಸೆನಲ್ ತಂಡದ ಹಳೆಯ ಹೈಬರಿ ಮೈದಾನ 2006ರಲ್ಲಿ ಮುಚ್ಚಿತು. ಅದಕ್ಕೆ ಮುಂಚೆ ಒಂದು ದಿನ ರೈಟ್ ಅಲ್ಲಿ ನಿಂತಿದ್ದರು. ಟಿ.ವಿ.ಯವರು ಚಿತ್ರ ತೆಗೆಯುತ್ತಿದ್ದರು. ಹಿಂದಿನಿಂದ ಯಾರೋ ಕರೆದಂತಾಯಿತು. ತಿರುಗಿದರೆ ಮೇಷ್ಟ್ರು! ರೈಟ್ ತಟ್ಟನೆ ತಲೆ ಮೇಲಿನ ಟೊಪ್ಪಿ ತೆಗೆದರು. ನಲವತ್ತು ದಾಟಿದ ಗಂಡಸು ಎಲ್ಲರ ಎದುರೇ ಅತ್ತುಬಿಟ್ಟರು.

2021ರಲ್ಲಿ ಅವರು ಒಂದು ಚಿತ್ರ ಮಾಡಿದರು. ಅದರಲ್ಲಿ ಫುಟ್‌ಬಾಲ್ ಮುಖ್ಯವಲ್ಲ. ಮನೆಯೊಳಗಿನ ಹೊಡೆತ ಬಡಿತ, ಅದನ್ನು ನೋಡಿ ಬೆಳೆಯುವ ಮಕ್ಕಳು, ಇದೇ ಅದರ ವಿಷಯ. ತಾಯಿ ಪಟ್ಟ ಪಾಡು, ಅಣ್ಣ ಕಿವಿ ಮುಚ್ಚಿದ್ದು, ತನ್ನ ಸಿಟ್ಟು, ಎಲ್ಲ ಹೇಳಿದರು. ಐವತ್ತು ವರ್ಷ ಬೇಕಾಯಿತು ಆ ಮಾತು ಹೊರಗೆ ಬರಲು.

‘ಮ್ಯಾಚ್ ಆಫ್ ದ ಡೇ’ಯಲ್ಲಿ ಅವರು ಕೊನೆಯ ಸಲ ಕೂತಿದ್ದು 2024ರ ಮೇ ತಿಂಗಳಲ್ಲಿ. ಆಗ ಅವರಿಗೆ ಅರವತ್ತು ವರ್ಷ. ಮುಖ ಕ್ಯಾಮೆರಾ ಕಡೆಗಿತ್ತು.